ಇಪ್ಪತ್ನಾಲ್ಕು ಗೂಟಗಳ ಡೇರೆ

ಡೇರೆ ಹೇರಿಕೊಂಡು ಊರೂರು ಸುತ್ತುವವರು ನಗುವಿಗಾಗಿ ಎಲ್ಲಿಯೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಹಗ್ಗ ಎಷ್ಟೇ ಬಿಗಿಯಾಗಿ ಕಟ್ಟಿದರೂ ಅಂಥ ಪ್ರಸಂಗಗಳು ಹೇಗೋ ಸಾಮಾನಿನ ನಡುವೆ ಜಾಗ ಮಾಡಿಕೊಂಡು ಬಂದುಬಿಡುತ್ತವೆ.

ತೊಂಬತ್ತರ ದಶಕದ ಕೊನೆಗೆ ನಾನು ಕೂಡ್ಲಿಗಿಯಲ್ಲಿ ಮಣ್ಣು ಪರೀಕ್ಷೆ ಮಾಡುವ ಒಂದು ಸಣ್ಣ ಕಚೇರಿಯಲ್ಲಿದ್ದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಳ್ಳಿಗಳಿಗೆ ಹೋಗಿ, ವಾರಗಟ್ಟಲೆ ಡೇರೆ ಹಾಕಿಕೊಂಡಿದ್ದು, ಹೊಲಗಳಲ್ಲಿ ಗುಂಡಿ ತೋಡಿ, ಸಣ್ಣ ಸಣ್ಣ ಚೀಲಗಳಲ್ಲಿ ಮಣ್ಣು ತುಂಬಿಕೊಂಡು ಬರುವುದು ನಮ್ಮ ಕೆಲಸ. ಮಣ್ಣು ತರಲು ಸರ್ಕಾರ ಸಂಬಳ ಕೊಡುತ್ತದೆ ಅಂದರೆ ನಮ್ಮವ್ವ ಕೊನೆಯವರೆಗೂ ನಂಬಲಿಲ್ಲ.

ಕಚೇರಿಯಿಂದ ಹಾಗೆ ಹೊರಡುತ್ತಿದ್ದವರು ನಾವು ನಾಲ್ವರು. ಮೈಸೂರು ಕಡೆಯಿಂದ ಬಂದಿದ್ದ ಸಾಹೇಬರು, ಜೀಪಿನ ಡ್ರೈವರು, ಗುಂಡಿ ತೋಡಿಸುವ ನಾನು, ಮತ್ತೆ ಅಡುಗೆಯಿಂದ ಹಿಡಿದು ಡೇರೆಯವರೆಗೆ ಎಲ್ಲ ನೋಡಿಕೊಳ್ಳುವ ಜವಾನ. ಅವನು ನಮ್ಮೆಲ್ಲರಿಗಿಂತ ಹಿರಿಯ, ಹಾಗಾಗಿ ಜವಾನಣ್ಣ ಎನ್ನುತ್ತಿದ್ದೆವು. ಜೀಪಿನ ಹಿಂದೆ ಎರಡು ಗಾಲಿಯ ಒಂದು ಪುಟ್ಟ ಟ್ರೇಲರ್. ಅದರೊಳಗೆ ಡೇರೆಯ ಬಟ್ಟೆ, ಒಂದು ಉದ್ದನೆಯ ನಡುಗಂಬ, ಪಾತ್ರೆ, ಸ್ಟವ್, ನೀರಿನ ಡ್ರಮ್ಮು, ಹಾಸಿಗೆ, ಮತ್ತು ಕಬ್ಬಿಣದ ಇಪ್ಪತ್ನಾಲ್ಕು ಗೂಟ. ಆ ಇಪ್ಪತ್ನಾಲ್ಕನ್ನು ನೆನಪಿಡಿ. ಜವಾನಣ್ಣನ ಮಾನ ಮರ್ಯಾದೆಯೆಲ್ಲ ಅದರ ಮೇಲೆ ನಿಂತಿತ್ತು.

ಹೊಟ್ಟಿನ ಬಂಡಿ

ಜವಾನಣ್ಣನಿಗೆ ಇಪ್ಪತ್ತೆರಡು ವರ್ಷವಿದ್ದಾಗ ಶೇಂಗಾ ಹೊಟ್ಟಿನ ಬಂಡಿ ಹೇರಿಕೊಂಡು ಪಕ್ಕದ ಊರಿಗೆ ಹೋಗಿದ್ದನಂತೆ. ಆ ಊರಲ್ಲಿ ಅವನಿಗೆ ಹೆಣ್ಣು ನೋಡಿದ್ದರು, ಮಾತು ಇನ್ನೂ ಗಟ್ಟಿಯಾಗಿರಲಿಲ್ಲ. ಹೆಣ್ಣಿನ ಮನೆಯ ಮುಂದೆ ಹೋಗುವಾಗ ಸ್ವಲ್ಪ ಗತ್ತಿನಲ್ಲಿ ಎತ್ತು ಹೊಡೆದಿದ್ದಾನೆ. ಬಂಡಿ ಒಂದು ಕಡೆ ವಾಲಿ, ಹೊಟ್ಟೆಲ್ಲ ಆ ಮನೆಯ ಅಂಗಳಕ್ಕೆ ಬಿತ್ತು. ಹೊಟ್ಟಿನಡಿಯಿಂದ ಇವನೇ ಎದ್ದು ಬರುವುದನ್ನು ಹೆಣ್ಣಿನ ಅಪ್ಪ ಕಟ್ಟೆಯ ಮೇಲೆ ಕುಳಿತು ನೋಡಿ ಅಂದನಂತೆ:

"ಬಂಡಿ ಹೇರಾಕ ಬರಲಾರದಾಂವ ಸಂಸಾರ ಹೆಂಗ ಹೇರ್ತಾನ?"

ಆದರೂ ಮದುವೆ ಆಯಿತು. ಬಾಗಿಲ ಹಿಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ ಹುಡುಗಿ, ಮದುವೆಯಾದರೆ ಇವನನ್ನೇ ಎಂದಿದ್ದಳು. ಅಪ್ಪನ ಆ ಮಾತನ್ನು ಮಾತ್ರ ಆಕೆ ತವರಿನ ಬಳುವಳಿಯ ಹಾಗೆ ಜೊತೆಗೆ ತಂದಳು. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಇವನು ಗೊಣಗಿದರೂ ಸಾಕು, "ಬಂಡಿ ಹೇರಾಕ ಬರಲಾರದಾಂವ" ಎಂದು ಶುರು ಮಾಡುತ್ತಿದ್ದಳು.

ಅದಕ್ಕೇ ಟ್ರೇಲರ್ ತನ್ನ ವಶಕ್ಕೆ ಬಂದ ದಿನ ಜವಾನಣ್ಣ ಸಾಹೇಬರ ಮುಂದೆ ನಿಂತು ಹೇಳಿದ, "ಸಾಹೇಬ್ರ, ನನ್ನ ರಿಟೈರ್ಮೆಂಟಿಗೆ ಮೂರು ವರ್ಷ ಐತ್ರಿ. ಹೋಗೋ ದಿನ ಈ ಡೇರಿ ಹೆಂಗ ಬಂದೈತೋ ಹಂಗ ಒಪ್ಪಿಸಿ ಹೋಗ್ತೀನಿ. ಒಂದ ಗೂಟ ದಾರ್ಯಾಗ ಬೀಳಂಗಿಲ್ಲ. ಅವತ್ತ ನಮ್ಮಾಕಿನ್ನ ಕರಕೊಂಡು ಬಂದು ಎಣಿಸಿ ತೋರಸ್ತೀನಿ."

ಸಾಹೇಬರು, "ಒಳ್ಳೇದು. ಆದರೆ ನಿಮ್ಮ ಮಾವನವರಿಗೆ ತೋರಿಸಬೇಕಲ್ವಾ?" ಎಂದರು.

"ಅವ್ರು ತೀರಿಕೊಂಡು ಹದಿನೈದು ವರ್ಷ ಆತ್ರಿ. ಆದ್ರ ಅವ್ರ ಮಾತು ನಮ್ಮ ಮನ್ಯಾಗ ಇನ್ನೂ ಗಟ್ಟಿಮುಟ್ಟಾಗಿ ಐತಿ."

ಸಾಹೇಬರು ಮೇಲೆ ಹೋದದ್ದು

ಟ್ರೇಲರ್ ಹೇರಿದ ಮೇಲೆ ಜವಾನಣ್ಣ ಒಂದು ಪರೀಕ್ಷೆ ಮಾಡುತ್ತಿದ್ದ. ಜೀಪಿಗೆ ಸಿಕ್ಕಿಸುವ ಮುಂದಿನ ಕಬ್ಬಿಣದ ತೋಳಿಗೆ ಅವನು ಬಂಡಿಯ ಲೆಕ್ಕದಲ್ಲಿ ಮೂಕಿ ಎನ್ನುತ್ತಿದ್ದ. ಅದನ್ನು ಎರಡೂ ಕೈಯಿಂದ ಮೊಣಕಾಲುದ್ದ ಎತ್ತಿ, ಕಣ್ಣು ಮುಚ್ಚಿ, ಒಂದು ಕ್ಷಣ ತೂಗಿ ನೋಡುವನು. "ಮುಂದ ಒಂದೀಟು ಭಾರ ಇರಬೇಕು. ಹಿಂದ ಜಗ್ಗಿದ್ರ ಎತ್ತಿನ ಕೊರಳು ಬಿಗಿತೈತಿ."

ಡ್ರೈವರು, "ಇಲ್ಲಿ ಎತ್ತು ಎಲ್ಲೈತಿ ಅಣ್ಣಾ?" ಎಂದು ಕೇಳಿದರೆ, "ನೀ ಅದೀಯಲ್ಲ" ಎನ್ನುವನು.

ಒಮ್ಮೆ ಜವಾನಣ್ಣನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಅವನು ಒಂದು ದಿನ ರಜೆ ಹಾಕಿದ. ಅವತ್ತೇ ನಾವು ಹಗರಿಬೊಮ್ಮನಹಳ್ಳಿ ಕಡೆ ಹೊರಡಬೇಕಿತ್ತು. "ಅದರಾಗೇನು ಬ್ರಹ್ಮವಿದ್ಯೆ ಐತಿ" ಎಂದು ಡ್ರೈವರೇ ಹೇರಿದ. ನಾನೂ ಕೈ ಹಾಕಿದೆ, ಸುಳ್ಳು ಹೇಳುವುದಿಲ್ಲ. ಇಳಿಸಲು ಸಲೀಸಾಗಲಿ ಎಂದು ನೀರು ತುಂಬಿದ ಡ್ರಮ್ಮು, ಒರಳುಕಲ್ಲು, ಗೂಟದ ಚೀಲ ಎಲ್ಲವನ್ನೂ ಹಿಂದಿನ ಬಾಗಿಲ ಹತ್ತಿರವೇ ಇಟ್ಟೆವು. ಮುಂದೆ ಹಾಸಿಗೆ, ದಿಂಬು.

ದಾರಿಯುದ್ದಕ್ಕೂ ಡ್ರೈವರಿಗೆ ಖುಷಿಯೋ ಖುಷಿ. "ಜೀಪು ಇವತ್ತ ಹೂವು ಆದಂಗ ಆಗೈತಿ ನೋಡ್ರಿ" ಎನ್ನುತ್ತಿದ್ದ. ಹಿಂದೆ ಟ್ರೇಲರ್ ಬಾಲ ಅಲ್ಲಾಡಿಸುತ್ತ ಬರುತ್ತಿದ್ದುದನ್ನು ಯಾರೂ ತಿರುಗಿ ನೋಡಲಿಲ್ಲ.

ಊರು ಮುಟ್ಟಿದೆವು. ನಮ್ಮ ಸಾಹೇಬರು ಸಣಕಲು ದೇಹದವರು. ಜೋರು ಗಾಳಿ ಬಂದರೆ ಡೇರೆಗಿಂತ ಮೊದಲು ಅವರನ್ನೇ ಕಟ್ಟಬೇಕು ಎಂದು ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ಅವರು ಥರ್ಮಾಸಿನಿಂದ ಒಂದು ಕಪ್ಪು ಚಹ ಬಗ್ಗಿಸಿಕೊಂಡು, ಕೂರಲು ಬೇರೆ ಏನೂ ಸಿಗದೆ, ಟ್ರೇಲರಿನ ಮೂಕಿಯ ಮೇಲೆ ಕುಳಿತರು. ಅದನ್ನು ನೋಡದೆ ಡ್ರೈವರು ಆಚೆ ಕಡೆಯಿಂದ ಬಗ್ಗಿ, ಕೊಂಡಿಯ ಪಿನ್ನು ಬರದಿದ್ದಕ್ಕೆ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟ.

ಟ್ರೇಲರಿನ ಹಿಂಭಾಗ ದಢಕ್ಕನೆ ನೆಲಕ್ಕೆ ಕುಳಿತಿತು. ಮೂಕಿ ಮೇಲೆದ್ದಿತು. ಸಾಹೇಬರು ಅದರ ಸಮೇತ ನಮ್ಮ ತಲೆಯ ಮಟ್ಟಕ್ಕೆ ಹೋಗಿ, ಕಾಲು ಇಳಿಬಿಟ್ಟುಕೊಂಡು ಕುಳಿತರು. ಕಪ್ಪಿನಿಂದ ಒಂದು ಹನಿ ಚಹ ಚೆಲ್ಲಿರಲಿಲ್ಲ. ಅವರು ಒಂದು ಗುಟುಕು ಕುಡಿದು, ಸುತ್ತ ಒಮ್ಮೆ ನೋಡಿ, "ಹೊಲ ಚೆನ್ನಾಗಿ ಕಾಣ್ತಿದೆ. ಇನ್ನು ಇಳಿಸಿ" ಎಂದರು.

ಮರುದಿನ ಬಸ್ಸಿಗೆ ಬಂದ ಜವಾನಣ್ಣ ಎಲ್ಲವನ್ನೂ ಕೇಳಿಸಿಕೊಂಡು, ಗೂಟದ ಚೀಲವನ್ನು ಮೊದಲು ತಡವಿ ನೋಡಿ, ಆಮೇಲೆ ಸಾಹೇಬರಿಗೆ ಕೈ ಮುಗಿದ. "ನಾ ಒಂದ ದಿನ ರಜಾ ಹಾಕಿದ್ದಕ್ಕ ನೀವು ಇಷ್ಟು ಮ್ಯಾಲ ಹೋದ್ರಿ. ಮೊದಲ ಗೊತ್ತಿದ್ರ ಒಂದ ವಾರ ಹಾಕ್ತಿದ್ನೆಲ್ರಿ."

ಸರ್ಕಾರದ ಹಗ್ಗ

ಜವಾನಣ್ಣ ಕಟ್ಟಿದ ಗಂಟನ್ನು ಬಿಚ್ಚುವುದು ಜವಾನಣ್ಣನಿಂದ ಮಾತ್ರ ಸಾಧ್ಯ. ಇದು ನಮಗೆ ಹಡಗಲಿ ಕಡೆಯ ಒಂದು ಹಳ್ಳಿಯಲ್ಲಿ ಹಸಿದ ಹೊಟ್ಟೆಯಲ್ಲಿ ಗೊತ್ತಾಯಿತು.

ಹಡಗಲಿಯಲ್ಲಿ ಅವನ ತಂಗಿಯನ್ನು ಕೊಟ್ಟಿದ್ದರು. "ಅರ್ಧ ತಾಸು ಮಾತಾಡಿಸಿ ಹಿಂದಿನ ಬಸ್ಸಿಗೆ ಬಂದ ಬಿಡ್ತೀನ್ರಿ" ಎಂದು ಇಳಿದ. ತಂಗಿ ಅಣ್ಣನನ್ನು ಊಟ ಮಾಡಿಸದೆ ಕಳಿಸುವವಳಲ್ಲ ಎನ್ನುವುದನ್ನು ನಾವು ಯೋಚಿಸಬೇಕಿತ್ತು.

ಹಳ್ಳಿ ಮುಟ್ಟಿದಾಗ ಹನ್ನೊಂದು ಗಂಟೆ. ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಮೊಸರಿನ ಗಡಿಗೆ ಎಲ್ಲ ತಾಡಪಾಲಿನ ಕೆಳಗೆ. ಅದರ ಮೇಲೆ ಅಡ್ಡ, ಉದ್ದ, ಮೂಲೆಗೆ ಮೂಲೆ ಎಳೆದು ಕಟ್ಟಿದ ಹಗ್ಗ. ಡ್ರೈವರು ಉಗುರಿನಿಂದ ಕೆದಕಿದ, ಹಲ್ಲಿನಿಂದ ಕಚ್ಚಿದ, ಸ್ಪ್ಯಾನರು ತೂರಿಸಿ ಮೀಟಿದ. ಗಂಟು ಇನ್ನಷ್ಟು ಗಂಟಾಯಿತು. ನಾನು ಕುಡುಗೋಲು ತಂದೆ. ಸಾಹೇಬರು ತಡೆದರು. "ಕೊಯ್ಯಬೇಡಿ. ಸರ್ಕಾರದ ಹಗ್ಗ."

ಬೇವಿನ ಮರದ ಕೆಳಗೆ ಕುಳಿತೆವು. ತಾಡಪಾಲಿನ ಸಂದಿಯಿಂದ ಹಿಂಡಿಯ ವಾಸನೆ ಬರುತ್ತಿತ್ತು. ಬೆಳಿಗ್ಗೆ ಒಂದು ಕಪ್ಪು ಚಹದ ಮೇಲೆ ಹೊರಟಿದ್ದ ನನಗೆ ಅಳುವೇ ಬಂತು. ಸ್ವಲ್ಪ ಹೊತ್ತಿನ ಮೇಲೆ ಆ ಊರಿನ ಒಬ್ಬ ಅಜ್ಜಿ ಕೋಲೂರಿಕೊಂಡು ಬಂದು ನಮ್ಮೆದುರು ಕುಳಿತಳು. ನಮ್ಮನ್ನು ನೋಡುವಳು, ಗಂಟನ್ನು ನೋಡುವಳು, ಎಲೆ ಅಡಿಕೆ ಹಾಕುವಳು. ಎರಡು ತಾಸು ಹೀಗೇ ಕಳೆಯಿತು.

ಎರಡು ಗಂಟೆಯ ಬಸ್ಸಿಗೆ ಜವಾನಣ್ಣ ಇಳಿದ, ಬಾಯಲ್ಲಿ ತಂಗಿ ಕೊಟ್ಟ ಎಲೆ ಅಡಿಕೆ. ನಮ್ಮ ಮುಖ ನೋಡಿ ಗಾಬರಿಯಾಗಿ ಓಡಿ ಬಂದು, ಟ್ರೇಲರಿನ ಹಿಂದೆ ಮಡಚಿ ಸಿಕ್ಕಿಸಿದ್ದ ಹಗ್ಗದ ಒಂದು ತುದಿ ಹಿಡಿದು ಎಳೆದ. ಅಷ್ಟೂ ಗಂಟುಗಳು ಒಂದರ ಹಿಂದೊಂದು ಸಡಿಲಾಗಿ, ತಾಡಪಾಲು ತಾನೇ ಜಾರಿತು.

"ಬಿಚ್ಚೋ ತುದಿ ಇದು ನೋಡ್ರಿ. ಇವ್ರು ಬಿಗಿಯೋ ತುದಿ ಜಗ್ಗ್ಯಾರ" ಎಂದ.

ಅಜ್ಜಿ ಮೊಣಕಾಲಿಗೆ ಕೈಯೂರಿ ಎದ್ದಳು. "ನಾನೂ ಅದನ್ನ ಹೇಳಾಕಂತ ಬಂದಿದ್ನೆಪ್ಪಾ. ಮೇವಿನ ಬಂಡಿಗೆ ನಮ್ಮ ಯಜಮಾನ್ರೂ ಹಿಂಗ ಕಟ್ಟತಿದ್ರು. ಆದ್ರ ನೀವು ಸರ್ಕಾರದವ್ರು, ಏನೋ ಲೆಕ್ಕ ಹಾಕಿ ಉಪವಾಸ ಕುಂತಾರ ಅಂತ ಸುಮ್ಮನಾದೆ."

ಖಣ ಉಟ್ಟ ಕಂಬ

ಡೇರೆಯ ನಡುಗಂಬ ಟ್ರೇಲರಿನಿಂದ ಹಿಂದಕ್ಕೆ ಎರಡು ಮಾರು ಚಾಚಿಕೊಂಡಿರುತ್ತಿತ್ತು. ಹಿಂದೆ ಬರುವ ಗಾಡಿಗಳಿಗೆ ಕಾಣಬೇಕಲ್ಲ, ಅದರ ತುದಿಗೆ ಕೆಂಪು ಬಟ್ಟೆ ಕಟ್ಟಲೇಬೇಕು ಎಂದು ಸಾಹೇಬರ ಆಜ್ಞೆಯಾಯಿತು. ಕಚೇರಿಯಲ್ಲಿ ಕೆಂಪು ಬಟ್ಟೆ ಇರಲಿಲ್ಲ. ಜವಾನಣ್ಣ ಮನೆಗೆ ಹೋಗಿ ಹೆಂಡತಿಯನ್ನು ಕೇಳಿದ. ಆಕೆ ಪೆಟ್ಟಿಗೆಯಿಂದ ಒಂದು ಕೆಂಪು ಕುಪ್ಪಸದ ಖಣ ತೆಗೆದುಕೊಟ್ಟಳು. ಆದರೆ ಖಣವನ್ನು ಬರಿದೇ ಕಟ್ಟಿದರೆ ಒಳ್ಳೆಯದಲ್ಲವಂತೆ. ತಾನೇ ಬಂದು ಕಂಬದ ತುದಿಗೆ ಅರಿಶಿಣ ಕುಂಕುಮ ಹಚ್ಚಿ, ನಿರಿಗೆ ಹಿಡಿದು, ಚೆಂದವಾಗಿ ಕಟ್ಟಿ ಕಳಿಸಿದಳು.

ಕೊಟ್ಟೂರಿಗೆ ಹೋಗುವ ದಾರಿಯ ಮೊದಲ ಹಳ್ಳಿಯಲ್ಲೇ ಊರಿನವರು ಜೀಪು ನಿಲ್ಲಿಸಿದರು. ನೀರು ತರುತ್ತಿದ್ದ ಹೆಂಗಸರು ಬದಿಗೆ ಸರಿದು, ಕೊಡದ ನೀರನ್ನು ಟ್ರೇಲರಿನ ಗಾಲಿಗೆ ಸುರಿದರು. ಒಬ್ಬಾತ ಓಡಿ ಹೋಗಿ ತೆಂಗಿನಕಾಯಿ ತಂದ. ವಯಸ್ಸಾದ ಒಬ್ಬಾಕೆ ಕೇಳಿದಳು, "ತಾಯಿ ಯಾವೂರಿಗೆ ಹೊಂಟಾಳಪ್ಪಾ?"

ಜವಾನಣ್ಣ ಇಳಿದು, ಮೆಲ್ಲಗೆ, "ಯವ್ವಾ, ಇದು ನಮ್ಮ ಡೇರಿ ಕಂಬ" ಎಂದ.

"ಕಂಬ ಆದ್ರೇನು? ಅರಿಶಿಣ ಹಚ್ಚೈತಿ, ಖಣ ಉಟ್ಟೈತಿ. ಬರೋ ತಾಯಿ ನಿನ್ನ ಕೇಳಿ ಬರ್ತಾಳೇನು?"

ಕಂಬಕ್ಕೆ ಕಾಯಿ ಒಡೆಸಿಕೊಂಡು ಹೊರಟೆವು. ಮುಂದಿನ ಎರಡು ಹಳ್ಳಿಗಳಲ್ಲೂ ಇದೇ ಆಯಿತು. ಸಾಹೇಬರು ಮುಂದಿನ ಸೀಟಿನಲ್ಲಿ ಹಣೆಗೆ ಭಂಡಾರ ಹಚ್ಚಿಸಿಕೊಂಡು, ಪ್ರಸಾದದ ಹೋಳುಗಳನ್ನು ಮಡಿಲಲ್ಲಿಟ್ಟುಕೊಂಡು, ಬಹಳ ಗಂಭೀರವಾಗಿ ಕುಳಿತಿದ್ದರು. ಮುನಿಸಿಕೊಂಡವನು ಡ್ರೈವರೊಬ್ಬನೇ. "ಆರು ವರ್ಷದಿಂದ ದಿನಾ ಒರಸಿ ತೊಳದು ಹೊಡೀತೀನಿ. ನನ್ನ ಜೀಪಿಗೆ ಒಬ್ಬರೂ ಒಂದ ಊದಿನಕಡ್ಡಿ ಹಚ್ಚಿಲ್ಲ. ಹಿಂದ ಮಲಕ್ಕೊಂಡು ಬರೋ ಕಂಬಕ್ಕ ಐದು ಕಾಯಿ."

ಮುಂದಿನ ಸಲ ಖಣ ಬೇಡವೆಂದು ಕಂಬದ ತುದಿಗೆ ಕೆಂಪು ಪ್ಲಾಸ್ಟಿಕ್ ಚೊಂಬು ಕಟ್ಟಿದೆವು. ಆಮೇಲೆ ಯಾರೂ ಕಾಯಿ ಒಡೆಯಲಿಲ್ಲ. ತೊಂದರೆಯೆಂದರೆ ನಮ್ಮ ಹತ್ತಿರ ಇದ್ದದ್ದು ಅದೊಂದೇ ಚೊಂಬು. ದಾರಿಯಲ್ಲಿ ಸಾಹೇಬರಿಗೆ ಹೊಲದ ಕಡೆ ಹೋಗುವ ಅವಸರವಾದಾಗ, ಮೊದಲು ಜವಾನಣ್ಣನ ಗಂಟು ಬಿಚ್ಚಬೇಕಾಗುತ್ತಿತ್ತು.

ಇಪ್ಪತ್ಮೂರು ಗೀಟು

ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು, ಹೀಗೆ ಲೆಕ್ಕ ಸಾಗುತ್ತದೆ. ಜವಾನಣ್ಣ ಗೂಟವನ್ನೂ ಹಾಗೆಯೇ ಎಣಿಸುತ್ತಿದ್ದ.

ಚಿಗಟೇರಿ ಹತ್ತಿರದ ಒಂದು ಹೊಲದಲ್ಲಿ ಡೇರೆ ಕೀಳುವ ದಿನ ಸಾಹೇಬರಿಗೆ ತಾವೂ ಸಹಾಯ ಮಾಡಬೇಕು ಅನ್ನಿಸಿತು. "ನೀವು ಎಣಿಸಿ ಚೀಲಕ್ಕೆ ಹಾಕಿ, ನಾನು ಗೀಟು ಹಾಕ್ತೀನಿ" ಎಂದು ಕಾಗದ ಹಿಡಿದು ನಿಂತರು. ಜವಾನಣ್ಣ "ಲಾಭ" ಎಂದ. ಅದೇನೋ ದೇವರನ್ನು ನೆನೆದದ್ದು ಎಂದುಕೊಂಡು ಸಾಹೇಬರು ಸುಮ್ಮನಿದ್ದರು. "ಎರಡು" ಎಂದಾಗ ಮೊದಲ ಗೀಟು ಹಾಕಿದರು. ಕೊನೆಗೆ ಜವಾನಣ್ಣ "ಇಪ್ಪತ್ನಾಲ್ಕು" ಎಂದು ಚೀಲದ ಬಾಯಿ ಕಟ್ಟುವಾಗ ಸಾಹೇಬರು ತಲೆಯಲ್ಲಾಡಿಸಿದರು. "ಇಪ್ಪತ್ಮೂರೇ ಇದೆ."

ಜವಾನಣ್ಣ ಕಟ್ಟಿದ ಚೀಲ ಬಿಚ್ಚಿದ. ಮತ್ತೆ ಸುರಿದು ಎಣಿಸಿದ. ಬಾಯಲ್ಲಿ ಇಪ್ಪತ್ನಾಲ್ಕು, ಕಾಗದದಲ್ಲಿ ಇಪ್ಪತ್ಮೂರು. ಪಾಪ, ಅವನು ತನ್ನ ಬಾಯಿಗಿಂತ ಸಾಹೇಬರ ಕಾಗದವನ್ನೇ ನಂಬಿದ. "ನನ್ನ ಮಾನ ಹೋತು, ಮಾವ ಹೇಳಿದ್ದ ಖರೆ ಆತು" ಎನ್ನುತ್ತ ಹೊಲದಲ್ಲಿ ಬಗ್ಗಿ ಹುಡುಕತೊಡಗಿದ. ಅವನ ಸಂಕಟ ನೋಡಲಾರದೆ ನಾವೂ ಬಗ್ಗಿದೆವು. ಊರಿನ ಹತ್ತು ಹದಿನೈದು ಜನ ಸೇರಿದರು. ಕಲ್ಲಿನ ಹೊಲ ಅದು. ಗೂಟ ಯಾವ ಕಲ್ಲಿನ ಅಡಿಗೆ ಸೇರಿದೆಯೋ ಎಂದು ಒಂದೊಂದೇ ಕಲ್ಲೆತ್ತಿ ಬದುವಿಗೆ ಒಗೆಯುತ್ತ ಬಂದರು.

ಮಧ್ಯಾಹ್ನದ ಹೊತ್ತಿಗೆ ನಾನು ಸುಸ್ತಾಗಿ ಕುಳಿತವನು ಸುಮ್ಮನೆ ಸಾಹೇಬರನ್ನು ಕೇಳಿದೆ, "ಲಾಭಕ್ಕೆ ಗೀಟು ಹಾಕೀರೆಲ್ರಿ?"

"ಲಾಭಕ್ಕೆ ಯಾಕೆ ಹಾಕಬೇಕು?" ಎಂದರು ಸಾಹೇಬರು.

ವಿಷಯ ತಿಳಿದ ಮೇಲೆ ಜವಾನಣ್ಣ ಬದುವಿನ ಮೇಲೆ ಕುಳಿತು ಟವೆಲಿನಿಂದ ಕಣ್ಣೊರೆಸಿಕೊಂಡ. ಸಾಹೇಬರು ಅವನ ಪಕ್ಕ ಕುಳಿತು ಎರಡು ಸಲ "ತಪ್ಪಾಯ್ತು" ಎಂದರು. ಆಗ ಹೊಲದ ಯಜಮಾನ ಬಂದ. ಕಲ್ಲು ತೆಗೆದು ಹಸನಾದ ತನ್ನ ಹೊಲವನ್ನು ಒಮ್ಮೆ ಕಣ್ತುಂಬ ನೋಡಿದ.

"ಸಾಹೇಬ್ರ, ನಾಳೆ ಇನ್ನೊಂದು ಗೂಟ ಕಳಕೊಳ್ರಿ. ಮೂಡಣ ಮೂಲಿ ಹಂಗ ಉಳದೈತಿ."

ಒಂಬತ್ತು ಸಾಮಾನು

ಮೂರು ವರ್ಷ ಕಳೆಯಿತು. ಜವಾನಣ್ಣ ನಿವೃತ್ತನಾಗುವ ದಿನ ಹೆಂಡತಿಯನ್ನು ಕರೆದುಕೊಂಡು ಬಂದ. ಆಕೆ ಹಸಿರು ಇಳಕಲ್ ಸೀರೆ ಉಟ್ಟು, ಇಡೀ ಕಚೇರಿಗೆ ಸಾಲುವಷ್ಟು ಹೋಳಿಗೆ ಮಾಡಿ, ದೊಡ್ಡ ಡಬರಿಯಲ್ಲಿ ಹೊತ್ತು ತಂದಿದ್ದಳು. ನಾನು ಆರು ತಿಂದೆ.

ಊಟವಾದ ಮೇಲೆ ಜವಾನಣ್ಣ ಕಚೇರಿಯ ಅಂಗಳದಲ್ಲಿ ಡೇರೆ ಬಿಡಿಸಿ ಹಾಸಿದ. ಒಂದು ತೂತಿಲ್ಲ. ಹಗ್ಗ ಸುತ್ತಿಟ್ಟ. ಆಮೇಲೆ ಗೂಟದ ಚೀಲ ಸುರಿದು, ಹೆಂಡತಿಯನ್ನು ಎದುರು ನಿಲ್ಲಿಸಿಕೊಂಡು ಎಣಿಸಿದ. ಲಾಭ, ಎರಡು, ಮೂರು. ಹತ್ತು ದಾಟಿದ ಮೇಲೆ ಒಂದೊಂದನ್ನೂ ಆಕೆಗೆ ಎತ್ತಿ ತೋರಿಸತೊಡಗಿದ. ಇಪ್ಪತ್ನಾಲ್ಕು ಎಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಸಾಹೇಬರ ಕಾಗದದಲ್ಲೂ ಅವತ್ತು ಇಪ್ಪತ್ನಾಲ್ಕೇ ಗೀಟು.

ಜವಾನಣ್ಣ ಹೆಂಡತಿಯ ಮುಖ ನೋಡಿದ. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು, "ನಮ್ಮಪ್ಪ ಇದ್ದಿದ್ರ ಇವತ್ತ ತನ್ನ ಮಾತು ಹಿಂದಕ್ಕ ತಗೋತಿದ್ದ."

ಇಷ್ಟು ವರ್ಷ ಕಾದದ್ದು ಅವನಿಗೆ ಸಿಕ್ಕಿತು.

ಅವನನ್ನು ಊರಿಗೆ ಅದೇ ಟ್ರೇಲರಿನಲ್ಲಿ ಸಾಮಾನು ಹೇರಿ ಕಳಿಸಬೇಕು ಎಂದು ಸಾಹೇಬರು ಹೇಳಿದ್ದರು. ನಾವು ಕೊಟ್ಟ ಕಬ್ಬಿಣದ ಮಂಚ, ಹಾಸಿಗೆ, ಕುರ್ಚಿ, ಗೋಡೆ ಗಡಿಯಾರ, ಹಣ್ಣಿನ ಬುಟ್ಟಿ, ಅದೂ ಇದೂ ಸೇರಿ ಒಂಬತ್ತು ಸಾಮಾನು. ಜವಾನಣ್ಣ ಯಾರಿಗೂ ಮುಟ್ಟಗೊಡಲಿಲ್ಲ. ತಾನೇ ಹೇರಿ, ತಾನೇ ಕಟ್ಟಿ, ಮೂಕಿ ಎತ್ತಿ ತೂಗಿ ನೋಡಿ, ಬೀಳ್ಕೊಡುಗೆಯ ಹಾರ ಹಾಕಿಕೊಂಡೇ ಮುಂದಿನ ಸೀಟಿನಲ್ಲಿ ಕುಳಿತ. ಹಿಂದೆ ಸಾಹೇಬರು, ನಾನು. ಕಚೇರಿಯ ಹೆಣ್ಣುಮಕ್ಕಳು, ಉಳಿದವರು ಇನ್ನೊಂದು ಜೀಪಿನಲ್ಲಿ. ಊರು ಹತ್ತು ಕಿಲೋಮೀಟರ್. ದಾರಿಯಲ್ಲಿ ಎರಡು ಸಲ ಜೀಪು ನಿಲ್ಲಿಸಿ ಹಗ್ಗ ಮುಟ್ಟಿ ನೋಡಿದ.

ಮನೆಯ ಮುಂದೆ ಇಳಿದು, ಓಣಿಯ ಜನರೆಲ್ಲ ನೋಡುತ್ತಿರಲು, ಹಗ್ಗದ ತುದಿ ಎಳೆದ. ಲಾಭ, ಎರಡು, ಮೂರು ಎನ್ನುತ್ತ ಒಂಬತ್ತೂ ಇಳಿಸಿದ. ಗಡಿಯಾರದ ಗಾಜಿಗೆ ಒಂದು ಗೀರು ಬಿದ್ದಿರಲಿಲ್ಲ. "ಇದು ನೋಡ್ರಿ ಹೇರೋದಂದ್ರ" ಎಂದು ನಮ್ಮ ಕಡೆ ತಿರುಗಿದ.

ಅಷ್ಟರಲ್ಲಿ ಸೊಸೆ ಆರತಿ ತಟ್ಟೆ ಹಿಡಿದು ಹೊರಗೆ ಬಂದಳು. ಗಂಡ ಹೆಂಡತಿಯನ್ನು ಜೋಡಿಯಾಗಿ ನಿಲ್ಲಿಸಿ ಬೆಳಗಬೇಕಲ್ಲ. ಆಕೆ ಎರಡೂ ಜೀಪು ನೋಡಿ ಕೇಳಿದಳು, "ಮಾವ, ಅತ್ತಿ ಎಲ್ಲಿ?"

ನಾವು ಹಿಂದಿನ ಜೀಪಿನವರನ್ನು ನೋಡಿದೆವು. ಆಕೆ ಹೆಣ್ಣುಮಕ್ಕಳ ಜೊತೆ ಬರುತ್ತಾಳೆ ಎಂದು ನಾವು ತಿಳಿದಿದ್ದೆವು. ಅವರು ನಮ್ಮನ್ನು ನೋಡಿದರು. ಗಂಡನ ಜೊತೆ ಹೋಗಿದ್ದಾಳೆ ಎಂದು ಅವರು ತಿಳಿದಿದ್ದರು. ಜವಾನಣ್ಣ ಖಾಲಿ ಟ್ರೇಲರಿನೊಳಗೆ ಒಮ್ಮೆ ಇಣುಕಿದ.

ಟ್ರೇಲರ್ ಬಿಚ್ಚುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಅದನ್ನು ಎಳೆದುಕೊಂಡೇ ಮತ್ತೆ ಕೂಡ್ಲಿಗಿಗೆ ಓಡಿದೆವು. ಆಕೆ ಕಚೇರಿಯ ಗೇಟಿನ ಹತ್ತಿರ, ಬೋರಲು ಹಾಕಿದ ಡಬರಿಯ ಮೇಲೆ ಕುಳಿತಿದ್ದಳು. ಹೋಳಿಗೆ ಖಾಲಿಯಾದ ಡಬರಿಯನ್ನು ಹಿತ್ತಲ ನಲ್ಲಿಯಲ್ಲಿ ಬೆಳಗಿಕೊಂಡು ಬರುವಷ್ಟರಲ್ಲಿ ನಾವು ಹೊರಟುಹೋಗಿದ್ದೆವು.

ಜವಾನಣ್ಣ ಹಾರ ಸಮೇತ ಇಳಿದು ಅವಳ ಮುಂದೆ ನಿಂತ. ಆಕೆ ಕುಳಿತಲ್ಲಿಂದಲೇ ಕತ್ತೆತ್ತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಾ ಗೂಟ ಆಗಿದ್ರ ಎಣಸ್ತಿದ್ದಿ" ಎಂದಳು.

ಡ್ರೈವರು ಸ್ಟೀರಿಂಗಿನ ಮೇಲೆ ಮುಖ ಇಟ್ಟುಕೊಂಡು ನಗುತ್ತಿದ್ದ. ಸಾಹೇಬರು ಕೆಮ್ಮಿದರು. ಜವಾನಣ್ಣ ಹೆಂಡತಿಯ ರಟ್ಟೆ ಹಿಡಿದು ಎಬ್ಬಿಸಿ, ತನ್ನ ಕೊರಳಿನ ಹಾರ ತೆಗೆದು ಡಬರಿಯೊಳಗೆ ಹಾಕಿ, ಡಬರಿಯನ್ನು ನನ್ನ ಕೈಗೆ ಕೊಟ್ಟ. ಆಕೆಯನ್ನು ಮುಂದಿನ ಸೀಟಿಗೆ ಹತ್ತಿಸಿ, ಸೆರಗು ಬಾಗಿಲಿಗೆ ಸಿಗದ ಹಾಗೆ ಒಳಗೆ ಸರಿಸಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಎಣಿಸಿದ.

"ಲಾಭ."

ತಾನು ಹತ್ತಿ ಅವಳ ಪಕ್ಕ ಕುಳಿತು, "ಎರಡು" ಎಂದ.

"ಹೊಡಿಯಪ್ಪಾ ಇನ್ನ. ಪೂರಾ ಆತು."